ಅಮ್ಮನ ಪ್ಯಾನ್‌ನಲ್ಲಿ ಯಾರದೋ ವ್ಯಾಪಾರ

ಪ್ರಶ್ನೆ: ನನ್ನ ತಾಯಿ ಬಹುಕಾಲ ಬೀಡಿ ಕಟ್ಟಿದವರು, ಈಗ ಮನೆಯಲ್ಲಿಯೇ ಇದ್ದಾರೆ. ಬ್ಯಾಂಕ್ ಖಾತೆಗೆಂದು ಪ್ಯಾನ್ ಕಾರ್ಡ್ ಮಾಡಿಸಿದ್ದು ಬಿಟ್ಟರೆ ಆದಾಯ ತೆರಿಗೆಗೂ ಅವರಿಗೂ ಸಂಬಂಧವಿಲ್ಲ. ಹಾಗಿದ್ದೂ, ಲಕ್ಷಾಂತರ ರೂಪಾಯಿಯ ವಹಿವಾಟು ನಡೆಸಿ ರಿಟರ್ನ್ಸ್ ಏಕೆ ಸಲ್ಲಿಸಿಲ್ಲ ಎಂದು ಕೇಳುವ ನೋಟಿಸ್ ಬಂದಿದೆ. ಮೊಬೈಲ್ ಅಂಗಡಿ, ಸಾಲ ಕೊಡುವವರ ಕಚೇರಿ ಎಂದು ಹಲವು ಕಡೆ ಕಾರ್ಡಿನ ಜೆರಾಕ್ಸ್ ಕೊಟ್ಟದ್ದುಂಟು. ಹೊಸ ಪ್ಯಾನ್ ಮಾಡಿಸಿದರೆ ಸರಿಹೋಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ನಿಜವೇ?
– ಓದುಗರು, ಕಾರ್ಕಳ

ಉತ್ತರ: ಹೊಸ ಪ್ಯಾನ್ ಮಾತ್ರ ಮಾಡಿಸಬೇಡಿ. ಒಬ್ಬರು ಎರಡು ಪ್ಯಾನ್ ಇಟ್ಟುಕೊಂಡರೆ 10,000 ರೂಪಾಯಿ ದಂಡ ಬೀಳಬಹುದು, ಹಳೆಯ ಸಂಖ್ಯೆಯಲ್ಲಿ ದಾಖಲಾದ ವಹಿವಾಟೂ ಅದರಿಂದ ಅಳಿಯುವುದಿಲ್ಲ.

ಮೊದಲು ನೋಟಿಸ್ ಅಸಲಿಯೇ ಎಂದು ನೋಡಿ. 2019ರ ಅಕ್ಟೋಬರ್ 1ರಿಂದ ಇಲಾಖೆ ಕಳುಹಿಸುವ ಪತ್ರಗಳಲ್ಲಿ ಡಿಐಎನ್ ಎಂಬ ಗುರುತುಸಂಖ್ಯೆ ಇರಬೇಕೆಂಬ ನಿಯಮವಿದೆ; ಇ-ಫೈಲಿಂಗ್ ಪೋರ್ಟಲ್‌ನ ಮುಖಪುಟದಲ್ಲಿ ಅದನ್ನು ನಮೂದಿಸಿದರೆ ಪತ್ರ ಇಲಾಖೆಯದೋ ಅಲ್ಲವೋ ತಿಳಿಯುತ್ತದೆ.

ಅಸಲಿಯಾಗಿದ್ದರೆ ನಿಮ್ಮ ತಾಯಿಯವರ ಹೆಸರಿನಲ್ಲಿ ಪೋರ್ಟಲ್‌ಗೆ ಲಾಗಿನ್ ಆಗಿ, 2021ರ ನವೆಂಬರಿನಲ್ಲಿ ಆರಂಭವಾದ ವಾರ್ಷಿಕ ಮಾಹಿತಿ ಪತ್ರವನ್ನು, ಅಂದರೆ ಎಐಎಸ್ ಅನ್ನು ತೆರೆಯಿರಿ. (ಅವರ ಪ್ಯಾನ್ ಬಳಸಿ ಬೇರೆ ಯಾರಾದರೂ ಆಗಲೇ ನೋಂದಾಯಿಸಿಕೊಂಡಿದ್ದರೆ, ಆಧಾರ್ ಒಟಿಪಿಯ ಮೂಲಕ ಪಾಸ್‌ವರ್ಡ್ ಬದಲಿಸಿ, ಮೊಬೈಲ್ ಸಂಖ್ಯೆಯನ್ನೂ ಇಮೇಲನ್ನೂ ಕೂಡಲೇ ತಿದ್ದಿಸಿಕೊಳ್ಳಿ.) ಬ್ಯಾಂಕುಗಳು, ಕಂಪನಿಗಳು, ನೋಂದಣಿ ಕಚೇರಿಗಳು ಆ ಪ್ಯಾನ್ ಹೆಸರಿನಲ್ಲಿ ವರದಿ ಮಾಡಿದ ವಹಿವಾಟುಗಳು ಅಲ್ಲಿ ಸಾಲಾಗಿರುತ್ತವೆ, ವರದಿ ಮಾಡಿದವರು ಯಾರೆಂಬುದೂ ಇರುತ್ತದೆ. ನಿಮ್ಮದಲ್ಲದ ಪ್ರತಿಯೊಂದು ಸಾಲಿನ ಎದುರು, ಇದು ಬೇರೆ ಪ್ಯಾನ್‌ಗೆ ಸೇರಿದ್ದು ಅಥವಾ ಇದನ್ನು ನಿರಾಕರಿಸುತ್ತೇನೆ ಎಂಬ ಆಯ್ಕೆಯನ್ನು ಒತ್ತಬೇಕು. ಆಕ್ಷೇಪವನ್ನು ವರದಿ ಮಾಡಿದವರಿಗೇ ಕಳುಹಿಸಿ ದೃಢೀಕರಣ ಕೇಳುವ ವ್ಯವಸ್ಥೆಯಿದ್ದು, ಅದು ಯಾವ ಹಂತದಲ್ಲಿದೆ ಎಂಬುದು 2024ರ ಮೇ ತಿಂಗಳಿನಿಂದ ಎಐಎಸ್‌ನಲ್ಲಿಯೇ ಕಾಣುತ್ತದೆ.

ಹಲವರು ಎಡವುವುದು ಇಲ್ಲಿಯೇ. ಎಐಎಸ್‌ನಲ್ಲಿ ಆಕ್ಷೇಪ ಹಾಕಿದ ಮಾತ್ರಕ್ಕೆ ನೋಟಿಸಿಗೆ ಉತ್ತರ ಕೊಟ್ಟಂತಾಗುವುದಿಲ್ಲ. ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ, ಈ ವ್ಯವಹಾರ ನನ್ನದಲ್ಲ, ಪ್ಯಾನ್ ದುರ್ಬಳಕೆಯಾಗಿದೆ ಎಂದು ಪೋರ್ಟಲ್‌ನಲ್ಲಿಯೇ ಲಿಖಿತ ಉತ್ತರ ಸಲ್ಲಿಸಿ, ಅದರೊಂದಿಗೆ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯನ್ನೂ ಪೊಲೀಸ್ ದೂರಿನ ಪ್ರತಿಯನ್ನೂ ಲಗತ್ತಿಸಬೇಕು. ದೂರನ್ನು ಉಡುಪಿಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ಕೊಡಬಹುದು. ಉತ್ತರವೇ ಬಾರದಿದ್ದರೆ ಕಂಪ್ಯೂಟರು ಆ ವಹಿವಾಟು ತಾಯಿಯವರದೇ ಎಂದು ಮುಂದುವರಿಯುತ್ತದೆ; ಅವರು ಬೀಡಿ ಕಟ್ಟಿ ಬದುಕಿದವರೆಂದು ಅದಕ್ಕೇನು ಗೊತ್ತು?

ಜಿಎಸ್‌ಟಿ ಪೋರ್ಟಲ್‌ನಲ್ಲಿಯೂ ಪ್ಯಾನ್ ಹಾಕಿ ಹುಡುಕಿ. ದೂರದ ಯಾವುದೋ ರಾಜ್ಯದಲ್ಲಿ ಅವರ ಹೆಸರಿನಲ್ಲಿ ವ್ಯಾಪಾರ ಸಂಸ್ಥೆ ನೋಂದಣಿಯಾಗಿದ್ದರೆ ಅಲ್ಲಿ ಕಾಣಿಸುತ್ತದೆ, ಅದು ತನ್ನದಲ್ಲವೆಂದು ದೂರು ಸಲ್ಲಿಸಲೂ ಅವಕಾಶವಿದೆ. ಹೆಸರಿನಲ್ಲಿ ಸಾಲವಿದೆಯೇ ಎಂಬುದನ್ನು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿ ತಿಳಿಸುತ್ತದೆ. ಇನ್ನು ಮುಂದೆ ಜೆರಾಕ್ಸ್ ಕೊಡುವಾಗ ಯಾವ ಕೆಲಸಕ್ಕೆಂದು ಅಕ್ಷರಗಳ ಮೇಲೆಯೇ ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಡಿ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಹೋದ ದೂರುಗಳು ಬಂದದ್ದು ನೆನಪಿರಬಹುದು. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಡುವುದು ಕ್ಷೇಮ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ತೆರಿಗೆ ರಿಟರ್ನ್ಸ್ ಸಲ್ಲಿಸಲು ಹೋದಾಗ, ಅವಳ ಸಂಖ್ಯೆಯಲ್ಲಿ ಆಗಲೇ ಸಲ್ಲಿಕೆಯಾಗಿದೆ ಎಂದು ತಿರಸ್ಕೃತವಾಯಿತು. ಅಷ್ಟು ಮುಂದುವರಿದ ದೇಶದಲ್ಲಿ ಇದು ಹೇಗೆ ಸಾಧ್ಯ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಅಲ್ಲಿಯ ಕಳ್ಳನಿಗೆ ಬೇಕಾದದ್ದು ರೀಫಂಡ್. ಇನ್ನೊಬ್ಬರ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯಲ್ಲಿ, ಅಂದರೆ ಅಲ್ಲಿ ತೆರಿಗೆಗೂ ಬಳಸುವ ಗುರುತುಸಂಖ್ಯೆಯಲ್ಲಿ, ಅವರಿಗಿಂತ ಮೊದಲೇ ಸುಳ್ಳು ರಿಟರ್ನ್ಸ್ ಹಾಕಿ ಹಣ ತನ್ನ ಖಾತೆಗೆ ತರಿಸಿಕೊಳ್ಳುತ್ತಾನೆ. ನಮ್ಮಲ್ಲಿ ರಿಟರ್ನ್ಸನ್ನು ಆಧಾರ್ ಒಟಿಪಿಯಿಂದಲೋ ಬ್ಯಾಂಕ್ ಮೂಲಕವೋ 30 ದಿನಗಳೊಳಗೆ ದೃಢೀಕರಿಸಬೇಕಾದ್ದರಿಂದ ಆ ದಾರಿ ಕಷ್ಟ. ಆದ್ದರಿಂದ ಇಲ್ಲಿಯವನು ತನ್ನ ವ್ಯಾಪಾರವನ್ನು ಬಡವರ ಪ್ಯಾನ್‌ನ ಹಿಂದೆ ಬಚ್ಚಿಡುತ್ತಾನೆ. ಅಮೆರಿಕದ ತೆರಿಗೆ ಸಂಸ್ಥೆಯಾದ ಐಆರ್‌ಎಸ್‌ನ ಮೂಲ ದಾಖಲೆ ವ್ಯವಸ್ಥೆ 1960ರ ದಶಕದ್ದು, ಅದನ್ನು ಬದಲಿಸುವ ಪ್ರಯತ್ನ ದಶಕಗಳಿಂದ ಎಳೆಯುತ್ತಲೇ ಇದೆ.

ಮಗಳು 14039 ಸಂಖ್ಯೆಯ ಫಾರಂನಲ್ಲಿ, ತನ್ನ ಗುರುತು ಕಳುವಾಗಿದೆ ಎಂಬ ಪ್ರಮಾಣಪತ್ರವನ್ನು ಐಆರ್‌ಎಸ್‌ಗೆ ಸಲ್ಲಿಸಲಿ. ತಾಳ್ಮೆ ಬೇಕಾಗುತ್ತದೆ: 2024ರಲ್ಲಿ ಇಂಥ ಪ್ರಕರಣಗಳ ಇತ್ಯರ್ಥಕ್ಕೆ ಸರಾಸರಿ 22 ತಿಂಗಳು ಹಿಡಿಯುತ್ತಿತ್ತೆಂದು ಅಲ್ಲಿಯ ತೆರಿಗೆದಾರರ ಪರ ಅಧಿಕಾರಿಯೇ ವರದಿ ಮಾಡಿದ್ದರು. ಪ್ರತಿವರ್ಷ ಬದಲಾಗುವ ಆರಂಕಿಯ ಗುರುತು ರಕ್ಷಣಾ ಪಿನ್ ಅನ್ನು 2021ರಿಂದ ಯಾರು ಬೇಕಾದರೂ ಕೇಳಿ ಪಡೆಯಬಹುದು. ಅದನ್ನೂ ಈಗಲೇ ಪಡೆಯಲಿ. ಪ್ಯಾನ್‌ಗೂ ಇಂಥದೊಂದು ಬೀಗವನ್ನು ನಮ್ಮ ಇಲಾಖೆ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದಾಯವನ್ನು ಪತ್ತೆಹಚ್ಚುವುದರಲ್ಲಿ ತೋರಿಸಿದ ಚುರುಕುತನವನ್ನು ಅದು ಸಂಖ್ಯೆಯನ್ನು ಕಾಯುವುದರಲ್ಲಿ ತೋರಿಸಿಲ್ಲ.

ಪ್ರಶ್ನೆ: ಪ್ಯಾನ್ 2.0ಗೆ ಬದಲಾಗದಿದ್ದರೆ ಕಾರ್ಡ್ ರದ್ದಾಗುತ್ತದೆ ಎಂಬ ಸಂದೇಶ ಬಂದಿದೆ. ಹಣ ಕಟ್ಟಬೇಕೆ?
– ಓದುಗರು, ಕುಂದಾಪುರ

ಉತ್ತರ: ಬೇಡ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಸಮಿತಿ ಪ್ಯಾನ್ ವ್ಯವಸ್ಥೆಯನ್ನು ಆಧುನೀಕರಿಸುವ 1,435 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ನೀಡಿದಾಗಲೇ, ಹಳೆಯ ಕಾರ್ಡುಗಳು ಸಿಂಧುವಾಗಿಯೇ ಇರುತ್ತವೆ, ಹೊಸದಾಗಿ ಅರ್ಜಿ ಹಾಕಬೇಕಿಲ್ಲ ಎಂದು ಸರ್ಕಾರ ಸ್ಪಷ್ಟಪಡಿಸಿತ್ತು. ಸಂದೇಶದಲ್ಲಿರುವ ಲಿಂಕ್ ಒತ್ತಬೇಡಿ. ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.