ವೇಲ್ಸ್‌ನ ಖಾಸಗಿ ಅಂಗಡಿಗಳಿಗೂ ವೆಲ್ಷ್ ಕಡ್ಡಾಯ ಮಾಡಬೇಕಾ?

ಕರ್ನಾಟಕದ ಬೋರ್ಡುಗಳಲ್ಲಿ ಶೇ. 60 ಕನ್ನಡ ಇರಬೇಕು ಅನ್ನೋ ಹಾಗೆ ಬ್ರಿಟನ್ನಿನ ವೇಲ್ಸ್‌ನಲ್ಲೂ ಅಲ್ಲಿನ ಭಾಷೆ ವೆಲ್ಷ್ ಕಡ್ಡಾಯ ಮಾಡಿದರೆ ಅಂಗಡಿಯವರಿಗೆ ಹೊರೆ ಅಲ್ವಾ ಎಂದು ಕೇಳಿದ್ದೀರಿ. ಅಂಗಡಿ ಹಾಕುವ ಮೊದಲು ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ.

2014ರಲ್ಲಿ ವೇಲ್ಸ್‌ನ ಕೈರ್ನಾರ್ವನ್ ಊರಲ್ಲಿ ಒಂದು ಕೆಫೆ ವಹಿಸಿಕೊಂಡೆ. ಕೋಟೆಯ ಹತ್ತಿರ, ಆರೇ ಮೇಜು. ಆ ಊರಲ್ಲಿ ಹತ್ತರಲ್ಲಿ ಎಂಟು ಜನಕ್ಕೆ ವೆಲ್ಷ್ ಬರುತ್ತದೆ. ಯಾವ ಕಾನೂನೂ ಕೇಳದಿದ್ದರೂ ಬೋರ್ಡು, ಮೆನು ಎರಡನ್ನೂ ಎರಡು ಭಾಷೆಯಲ್ಲಿ ಮಾಡಿಸಿದೆ. ಅಲ್ಲಿಗೆ ನನ್ನ ಪಾಲಿನದು ಮುಗಿಯಿತು ಅಂದುಕೊಂಡೆ.

ಕೌಂಟರಿನಲ್ಲಿ ಊರಿನವರೇ ಇಬ್ಬರು ಹುಡುಗಿಯರಿದ್ದರು. ಅವರು ವೆಲ್ಷ್‌ನಲ್ಲಿ ಏನೋ ಹೇಳಿಕೊಂಡು ನಕ್ಕರೆ ನನಗೆ ಕಿರಿಕಿರಿ. ನನ್ನ ಬಗ್ಗೆನೇ ಇರಬೇಕು ಅನಿಸುತ್ತಿತ್ತು. ಪ್ರವಾಸಿಗರು ತುಂಬಿದ್ದ ಒಂದು ಶನಿವಾರ ಇಬ್ಬರನ್ನೂ ಕರೆದು, ಕೆಲಸದ ಹೊತ್ತಿನಲ್ಲಿ ಇಂಗ್ಲಿಷ್ ಮಾತ್ರ ಎಂದುಬಿಟ್ಟೆ.

ಗಿರಾಕಿಗಳಿಗೆ ಮುಜುಗರ ಆಗಬಾರದು ಎಂದು ಕಾರಣ ಕೊಟ್ಟೆ. ಆದರೆ ಒಬ್ಬ ಗಿರಾಕಿಯೂ ದೂರಿರಲಿಲ್ಲ. ಅರ್ಥವಾಗದೆ ಹೆದರಿದ್ದು ನಾನು. ನನ್ನ ಹೆದರಿಕೆಗೆ ಅವರ ಬಾಯಿ ಮುಚ್ಚಿಸಿದೆ. ಅದೂ ನಾನು ಯಾರು? ಕಾಸರಗೋಡಿನವನು. ಕೌಂಟರಿನ ಮುಂದೆ ಮಲಯಾಳ ಬಾರದೆ ಚೀಟಿ ಹಿಡಿದು ಸುಮ್ನೆ ನಿಲ್ಲುತ್ತಿದ್ದ ಅಮ್ಮನನ್ನು ನೋಡಿ ಬೆಳೆದವನು.

ದಿನಾ ಬೆಳಿಗ್ಗೆ ಒಬ್ಬರು ಅಜ್ಜಿ ಬಂದು 'ಪಾನಡ್' ಎಂದು ಚಹಾ ಕೇಳುತ್ತಿದ್ದರು. ಆ ಸೋಮವಾರ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಅಜ್ಜಿ ಅವಳ ಮುಖವನ್ನೇ ನೋಡಿದರು. ಎಳೆಗೂಸಾಗಿದ್ದಾಗಿನಿಂದ ಕಂಡ ಹುಡುಗಿ ಅದು. ಚಿಲ್ಲರೆಯನ್ನು ಒಂದೊಂದಾಗಿ ಎಣಿಸಿಟ್ಟು, ಅರ್ಧ ಕಪ್ ಕುಡಿದು ಎದ್ದು ಹೋದರು. ಮತ್ತೆ ಬರಲಿಲ್ಲ. ಆಮೇಲೆ ಅವರ ಗೆಳತಿಯರೂ ಬರಲಿಲ್ಲ. ಅಕ್ಟೋಬರಿಗೆ ಪ್ರವಾಸಿಗರು ಖಾಲಿ. ಚಳಿಗಾಲದಲ್ಲಿ ಕೆಫೆಗೆ ಊರಿನವರೇ ಗತಿ. ಆ ಚಳಿಗಾಲ ಆರು ಮೇಜಲ್ಲಿ ನಾಲ್ಕು ಖಾಲಿ ಇದ್ದವು.

ದೊಡ್ಡ ಹುಡುಗಿ ಕೆಲಸ ಬಿಡುವ ದಿನ ಒಂದು ಮಾತು ಹೇಳಿದಳು. ವೆಲ್ಷ್‌ನಲ್ಲಿ ಮಾತಾಡಿಕೊಳ್ಳಬೇಕೆನ್ನುವ ಇಬ್ಬರನ್ನು ತಡೆಯುವ ಹಾಗಿಲ್ಲ, 2011ರ ವೆಲ್ಷ್ ಭಾಷಾ ಕಾನೂನಿನಲ್ಲೇ ಇದೆ, ಭಾಷಾ ಕಮಿಷನರ್‌ಗೆ ದೂರು ಕೊಡಬಹುದು ಎಂದು. ರಾತ್ರಿ ಕೂತು ಓದಿದೆ. ಅವಳು ದೂರು ಕೊಡಲಿಲ್ಲ. ನಾನು ನಿಯಮ ತೆಗೆದು ಇಬ್ಬರ ಹತ್ತಿರವೂ ಕ್ಷಮೆ ಕೇಳಿದೆ. ಅವಳು ವಾಪಸ್ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕಾನೂನು ಖಾಸಗಿಯವರನ್ನು ಮುಟ್ಟಬೇಕಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಇಷ್ಟರ ಮಟ್ಟಿಗೆ ಆಗಲೇ ಮುಟ್ಟಿದೆ, ಮುಟ್ಟಲೇಬೇಕು. ವೆಲ್ಷ್‌ನಲ್ಲಿ ಸೇವೆ ಕೊಡಬೇಕೆಂಬ ನಿಯಮಗಳು ಕೌನ್ಸಿಲ್, ಆಸ್ಪತ್ರೆ, ನೀರಿನ ಕಂಪನಿಗಳಂಥವಕ್ಕೆ ಇವೆ. ಬ್ಯಾಂಕು, ಸೂಪರ್ ಮಾರ್ಕೆಟ್‌ಗಳಿಗೆ ಇಲ್ಲ. ಅವಕ್ಕೂ ಬರಲಿ. ಅವರ ಇಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಎಂದು 2024ರ ಜನವರಿಯಲ್ಲಿ ನೋಡಿದೆವು: ಎಚ್‌ಎಸ್‌ಬಿಸಿ ಬ್ಯಾಂಕು ತನ್ನ ವೆಲ್ಷ್ ಫೋನ್ ಲೈನನ್ನೇ ಮುಚ್ಚಿತು. ಆರು ಮೇಜಿನ ಕೆಫೆಗೆ ಬೋರ್ಡಿನ ದಂಡ ಹಾಕುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ನೀವೇ ಅಂಗಡಿ ಹಾಕುವುದಾದರೆ ಬೋರ್ಡಿನ ಚಿಂತೆ ಆಮೇಲಿರಲಿ. ಊರಿನವರೊಬ್ಬರನ್ನು ಕೌಂಟರಿಗೆ ನಿಲ್ಲಿಸಿ. ವೆಲ್ಷ್ ಬರುತ್ತದೆ ಎಂದು ತೋರಿಸುವ ಕಿತ್ತಳೆ ಬಣ್ಣದ ಬ್ಯಾಡ್ಜ್ ಇದೆ, ಅದನ್ನು ತರಿಸಿಕೊಡಿ. ಅವರು ತಮ್ಮೊಳಗೆ ಏನೋ ಹೇಳಿಕೊಂಡು ನಕ್ಕರೆ, ನಗಲಿ ಬಿಡಿ.