ಅಟ್ಟದ ಮೇಲಿನ ಆಲ್ಬಮ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ವಯಸ್ಸು, ಉದ್ಯೋಗ, ಊರಿನ ವಿವರ ಬದಲಿಸಿದ್ದೇವೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ.)

ಗಂಡ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ವಯಸ್ಸು 42, ಸಂಬಳ 22,000 ರೂಪಾಯಿ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮಗಳು ಎಂಟನೇ ತರಗತಿ. ಹೊಸನಗರದ ಕಡೆ ಹೆಂಚಿನ ಹಳೇ ಮನೆ ಇದೆ, ಅಲ್ಲಿ ಅವರ ತಾಯಿ ಇದ್ದಾರೆ. ಆಗಸ್ಟ್ ತಿಂಗಳ ಒಂದು ಮಳೆಯ ದಿನ ದಂಪತಿ ಒಟ್ಟಿಗೆ ಬಂದರು. ಮಾತಿಗೆ ಮೊದಲು ಹೆಂಡತಿ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕ್ರಿಕೆಟ್ ಕಾರ್ಡುಗಳ ಆಲ್ಬಮ್. ತೆರೆದರೆ ಹಾಳೆಗಳು ಚರಚರ ಎಂದು ಸದ್ದು ಮಾಡುತ್ತಾ ಬಿಟ್ಟುಕೊಂಡವು, ಬೂಷ್ಟಿನ ವಾಸನೆ ಕೋಣೆಯೆಲ್ಲ ಹರಡಿತು. ಕಿಸೆಗಳ ಒಳಮೈ ಎಣ್ಣೆ ಸವರಿದಂತೆ ಅಂಟಂಟು. ಒಂದು ಕಾರ್ಡನ್ನು ಯಾರೋ ಎಳೆದು ತೆಗೆದಿದ್ದರು. ಬೌಲರನ ಅರ್ಧ ಮುಖ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಉಳಿದಿತ್ತು.

"ಇದು ಎಂತ ಅಂತ ಕೇಳಿ ಇವರನ್ನ," ಎಂದರು ಆಕೆ. "ಮಗಳ ಫೀಸಿಗೆ ಬಳೆ ಅಡ ಇಟ್ಟಿದ್ದೆ. ಎರಡು ತಿಂಗಳು ಬಡ್ಡಿ ಕಟ್ಟಿಲ್ಲ. ಅತ್ತೆ ಮನೆ ಅಟ್ಟ ಗುಡಿಸೋಕೆ ಹೋದಾಗ ಇದು ಸಿಕ್ತು."

ಲೆಕ್ಕ ಹೀಗಿತ್ತು. ಐಪಿಎಲ್ ನಡೆಯುವ ಎರಡು ತಿಂಗಳಲ್ಲಿ ಅವರು ಖರ್ಚು ಮಾಡಿದ್ದು 6,400 ರೂಪಾಯಿ. ಆರು ಕಾರ್ಡಿನ 50 ರೂಪಾಯಿ ಪೊಟ್ಟಣ 78, ಅಂದರೆ 3,900. ಆಲ್ಬಮ್ಮು, ಕೊರಿಯರ್ ಸೇರಿ 700. ಉಳಿದ 1,800 ರೂಪಾಯಿ ಒಂದೇ ಒಂದು 'ಹಳೇ' ಸಚಿನ್ ಕಾರ್ಡಿಗೆ. ಪಾರ್ಸೆಲ್ಲುಗಳು ಮಂಡಿಯ ವಿಳಾಸಕ್ಕೆ ಬರುತ್ತಿದ್ದವು. ಬೈಗುಳಕ್ಕೆ ಹೆದರಿ ಎಲ್ಲವನ್ನೂ ಊರಿಗೆ ಒಯ್ದು ಅಟ್ಟ ಸೇರಿಸಿದ್ದರು.

ಮೊದಲ ಭೇಟಿಯಲ್ಲಿ ನಾವು ಕೇಳಿದ್ದು ಐದು ಪ್ರಶ್ನೆ. ಕಾರ್ಡಿಗಾಗಿ ಕೈಸಾಲ ಮಾಡಿದ್ದೀರಾ? ಕಳೆದುಕೊಂಡ ದುಡ್ಡು ವಾಪಸ್ ಬರಲಿ ಎಂದು ಇನ್ನಷ್ಟು ಕೊಂಡಿದ್ದೀರಾ? ಬಿಡಬೇಕೆಂದು ನೋಡಿ ಆಗದೇ ಹೋಗಿದೆಯಾ? ನಿದ್ದೆ, ಊಟ, ಕೆಲಸ ಕೆಟ್ಟಿದೆಯಾ? ಸುಳ್ಳು ಹೇಳಿದ್ದೀರಾ? ಎರಡಕ್ಕೆ ಮಾತ್ರ ಹೌದು ಎಂಬ ಉತ್ತರ ಬಂತು: ವಾಪಸ್ ಗಳಿಸುವ ಆಸೆ, ಮತ್ತು ಸುಳ್ಳು. ಸಾಲಕ್ಕೂ ಹೌದು ಎಂದಿದ್ದರೆ ಮನೋವೈದ್ಯರ ಬಳಿಗೇ ಕಳಿಸುತ್ತಿದ್ದೆವು. ರಾತ್ರಿ ಹೊತ್ತು ತಡೆಯಲಾಗದಷ್ಟು ಒತ್ತಡ ಬಂದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟೆವು. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಹೆಂಡತಿಯ ಬೇಡಿಕೆ ಒಂದೇ: ಎಲ್ಲ ಸುಟ್ಟುಹಾಕಲಿ. ನಾವು ಒಪ್ಪಲಿಲ್ಲ, ಕಾರಣವನ್ನೂ ಹೇಳಿದೆವು. ಇಲ್ಲಿ ಎರಡು ಚಟುವಟಿಕೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದು ಪೊಟ್ಟಣ ಹರಿಯುವುದು. ಇನ್ನೊಂದು ಕಾರ್ಡು ಸಂಗ್ರಹಿಸುವುದು. ಯಾವ ಪೊಟ್ಟಣದಲ್ಲಿ ಬೇಕಾದ್ದು ಬರುತ್ತದೋ ಗೊತ್ತಿಲ್ಲದೇ ಇರುವುದೇ ಹರಿಯುವವನ ಕೈಯನ್ನು ಮತ್ತೆ ಮತ್ತೆ ಎಳೆಯುತ್ತದೆ. ಬಹುಮಾನ ಲೆಕ್ಕಕ್ಕೆ ಸಿಗದಂತೆ ಬಂದಾಗ ಅಭ್ಯಾಸ ಗಟ್ಟಿಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಸಂಗ್ರಹದ ಸುಖ ಬೇರೆ: ವಿಂಗಡಿಸುವುದು, ಪಟ್ಟಿ ಬರೆಯುವುದು, ಹುಡುಕುವುದು, ಕಾಪಾಡುವುದು. ಆ ಸುಖ ಇವರಿಗೆ ಚಿಕ್ಕಂದಿನದು. ಬಿಗ್ ಫನ್ ಬಬಲ್‌ಗಮ್ ಜೊತೆ ಬರುತ್ತಿದ್ದ ರನ್ನು, ವಿಕೆಟ್ಟಿನ ಕಾರ್ಡುಗಳನ್ನು ಶಾಲೆಯ ಜಗಲಿಯಲ್ಲಿ ಕೂತು ಬದಲಾಯಿಸಿಕೊಂಡ ಕಾಲದ್ದು. ಸುಟ್ಟರೆ ಸಂಗ್ರಹ ಮಾತ್ರ ಹೋಗುತ್ತದೆ, ಹರಿಯುವ ಚಪಲ ಫೋನಿನಲ್ಲಿ ಹಾಗೇ ಉಳಿಯುತ್ತದೆ.

ಎರಡನೇ ಭೇಟಿಯಲ್ಲಿ ಅವರ ಕೈಗೇ ಕಾಗದ, ಪೆನ್ನು ಕೊಟ್ಟೆವು. ಲೆಕ್ಕದವರಿಗೆ ಉಪದೇಶಕ್ಕಿಂತ ಲೆಕ್ಕ ಬೇಗ ನಾಟುತ್ತದೆ. ಒಂದು ಸೆಟ್ಟು, ಅಂದರೆ ಪೂರ್ತಿ ಸರಣಿ, ಬೇರೆ ಬೇರೆ 100 ಕಾರ್ಡು. ಎಲ್ಲವೂ ಸಮನಾಗಿ ಬರುತ್ತವೆ ಎಂದೇ ಇಟ್ಟುಕೊಳ್ಳೋಣ. ನಮ್ಮಲ್ಲಿ 99 ಇದ್ದಾಗ, ಬೇಕಾದ ಆ ಒಂದು ಬರುವ ಸಾಧ್ಯತೆ ಪ್ರತಿ ಕಾರ್ಡಿಗೆ ನೂರರಲ್ಲಿ ಒಂದು. ಅಂದರೆ ಸರಾಸರಿ 100 ಕಾರ್ಡು ಬಿಡಿಸಬೇಕು. 98 ಇದ್ದಾಗ ಎರಡರಲ್ಲಿ ಯಾವುದಾದರೂ ಸಾಕು, 50 ಕಾರ್ಡು. ಹೀಗೆ ಹಿಂದಕ್ಕೆ ಕೂಡಿಸುತ್ತಾ ಹೋದರೆ ಮೊದಲ ಐವತ್ತು ಕಾರ್ಡು ಸುಮಾರು 69 ಬಿಡಿಸುವುದರೊಳಗೆ ಸಿಕ್ಕಿಬಿಡುತ್ತವೆ. ತೊಂಬತ್ತು ಮುಟ್ಟಲು 226 ಬೇಕು. ಕೊನೆಯ ಹತ್ತಕ್ಕೇ 293. ಒಟ್ಟು 519 ಕಾರ್ಡು, 87 ಪೊಟ್ಟಣ, 4,350 ರೂಪಾಯಿ. ಹೊಳಪಿನ ವಿಶೇಷ ಕಾರ್ಡುಗಳು ಇನ್ನೂ ಅಪರೂಪ, ಅವು ಬೇಕೆಂದರೆ ಈ ಅಂಕಿ ಏರುತ್ತಲೇ ಹೋಗುತ್ತದೆ.

ಅವರು ತಮ್ಮ ಎಣಿಕೆಯನ್ನು ಪಕ್ಕದಲ್ಲಿ ಬರೆದರು. 78 ಪೊಟ್ಟಣ, 468 ಕಾರ್ಡು. ಬೇರೆ ಬೇರೆ 99, ಹೆಚ್ಚುವರಿ 369. ಉಳಿದ ಒಂದಕ್ಕಾಗಿ 24 ಪೊಟ್ಟಣದ ಡಬ್ಬಿಯನ್ನು 1,200 ರೂಪಾಯಿಗೆ ತರಿಸುವ ಯೋಚನೆ ಅವರ ತಲೆಯಲ್ಲಿ ಆಗಲೂ ಇತ್ತು. ಆ 144 ಕಾರ್ಡಿನಲ್ಲೂ ಅದು ಬಾರದೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕೆ ಹತ್ತಿರ. ಅದೇ ಕಾರ್ಡು ಬಿಡಿಯಾಗಿ ಮಾರುವವರ ಬಳಿ 15 ರೂಪಾಯಿಗೆ ಇತ್ತು. ಅವರು ಬಹಳ ಹೊತ್ತು ಕಾಗದವನ್ನೇ ನೋಡುತ್ತಾ ಕೂತರು.

ನಾವು ಕೊಟ್ಟ ಸಲಹೆ ಹೀಗಿತ್ತು. ಬಡ್ಡಿ ಬಾಕಿ ತೀರುವವರೆಗೆ, ಅಂದರೆ ಎರಡು ತಿಂಗಳು, ಖರೀದಿ ಪೂರ್ತಿ ಬಂದ್. ಆ ಅವಧಿಯಲ್ಲಿ ಕೈಯಲ್ಲಿರುವುದನ್ನು ವಿಂಗಡಿಸಿ ಪಟ್ಟಿ ಮಾಡುವುದಷ್ಟೇ ಕೆಲಸ. ಆಮೇಲೆ ತಿಂಗಳಿಗೆ 500 ರೂಪಾಯಿ. ಸಂಬಳದ ದಿನ ಹೆಂಡತಿಯ ಎದುರಿಗೇ ನಗದಾಗಿ ಲಕೋಟೆಗೆ ಹಾಕಬೇಕು. 250 ಬಿಡಿ ಕಾರ್ಡು ಮತ್ತು ಅಂಚೆಗೆ, 150 ಕಾಪಾಡುವ ಸಾಮಾನಿಗೆ, 100 ಎರಡು ಪೊಟ್ಟಣಕ್ಕೆ. ಉಳಿದದ್ದನ್ನು ಮುಂದಿನ ತಿಂಗಳಿಗೆ ಒಯ್ಯಬಹುದು, ಮುಂದಿನ ತಿಂಗಳದ್ದನ್ನು ಇವತ್ತು ಮುಟ್ಟುವಂತಿಲ್ಲ. ಪೊಟ್ಟಣವನ್ನು ಮನೆಯಲ್ಲಿ, ಮಗಳ ಜೊತೆ ಕೂತು ಹರಿಯಬೇಕು. ಮಂಡಿಯಲ್ಲಿ ಒಬ್ಬರೇ ಅಲ್ಲ. ಮಾರಾಟದ ಆ್ಯಪಿನಲ್ಲಿ ಉಳಿಸಿಟ್ಟ ಪಾವತಿ ವಿವರ ಅಳಿಸಬೇಕು. ಯಾವುದೇ ಕಾರ್ಡು ಬೇಕೆನ್ನಿಸಿದರೆ ಪುಸ್ತಕದಲ್ಲಿ ಬರೆದು ಮೂರು ದಿನ ಕಾಯಬೇಕು. ಹರಾಜಿನಲ್ಲಿ ಇದು ಕಷ್ಟ. ಹಾಗಾಗಿ ಹರಾಜೇ ಬೇಡ, ನಿಗದಿ ಬೆಲೆಯವರ ಬಳಿ ಮಾತ್ರ ಕೊಳ್ಳಬೇಕು. 15 ರೂಪಾಯಿ ಕಾರ್ಡಿಗೆ 60 ರೂಪಾಯಿ ಅಂಚೆ ಕೊಡುವುದು ದಂಡ. ಒಬ್ಬರೇ ಮಾರಾಟಗಾರರ ಬಳಿ ಎಂಟು ಹತ್ತು ಕಾರ್ಡು ಸೇರಿದ ಮೇಲೆ ಒಟ್ಟಿಗೆ ತರಿಸಿದರೆ ಸೈ. ಹೆಚ್ಚುವರಿ 369ನ್ನು ಮಾರಲು ಹೋದರೆ ಪುಡಿಗಾಸು. ಎರಡು ಮೂರು ಕೊಟ್ಟು ಒಂದು ಪಡೆಯುವ ಬದಲಾವಣೆಗೆ ಮಾತ್ರ ಅವು ಒದಗುತ್ತವೆ.

ಸಂಗ್ರಹಕ್ಕೊಂದು ಬೇಲಿಯೂ ಬೇಕಿತ್ತು. ಎಲ್ಲ ತಂಡ, ಎಲ್ಲ ಸರಣಿ ಎಂದರೆ ಯಾವ ಸಂಬಳವೂ ಸಾಲದು. 'ಕರ್ನಾಟಕದ ಆಟಗಾರರು, ಒಬ್ಬರಿಗೆ ಒಂದೇ ಕಾರ್ಡು' ಎಂಬುದನ್ನು ಅವರೇ ಆರಿಸಿಕೊಂಡರು. ಪಟ್ಟಿಯ ಮೊದಲ ಹೆಸರು ಜಿ.ಆರ್. ವಿಶ್ವನಾಥ್, ನಮ್ಮ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದವರು. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ ಎರಡನೇ ಇನಿಂಗ್ಸಿನಲ್ಲಿ 137 ಹೊಡೆದವರು. ಆಮೇಲೆ ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ, ಶ್ರೀನಾಥ್, ಕುಂಬ್ಳೆ, ದ್ರಾವಿಡ್. ಪ್ರತಿ ಹೆಸರಿನ ಎದುರು ಟೆಸ್ಟು, ರನ್ನು, ವಿಕೆಟ್ಟು ಬರೆಯುವ ಕೆಲಸ ಮಗಳು ವಹಿಸಿಕೊಂಡಳು. ಅದಕ್ಕೆ ದುಡ್ಡು ಬೇಕಿಲ್ಲ.

1,800 ರೂಪಾಯಿ ಸಚಿನ್ ಕಾರ್ಡನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದೆವು. ಅಸಲಿ ಮುದ್ರಣದಲ್ಲಿ ಚಿತ್ರ ಚುಕ್ಕಿಗಳಿಂದಾದರೂ ಕಪ್ಪು ಅಕ್ಷರಗಳು ಸಾಮಾನ್ಯವಾಗಿ ಒಡೆಯದ ಗಟ್ಟಿ ಗೆರೆ. ಇದರಲ್ಲಿ ಹೆಸರಿನ ಅಕ್ಷರಗಳೇ ಬಣ್ಣಬಣ್ಣದ ಚುಕ್ಕಿಗಳಾಗಿ ಚದುರಿದ್ದವು. ಅಸಲಿ ಕಾರ್ಡನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದು. ದುಡ್ಡು ಮರಳಿ ಕೇಳುವ ಅವಧಿ ಮುಗಿದಿತ್ತು. ಅದನ್ನು ನಷ್ಟ ಎಂದೇ ಪುಸ್ತಕದಲ್ಲಿ ಬರೆಯಿಸಿದೆವು; ಹೊಸ ಖರೀದಿಯಿಂದ ಅದನ್ನು ತುಂಬಿಸಿಕೊಳ್ಳುವ ಆಸೆಯೇ ಮುಂದಿನ ಗುಂಡಿ. ಕಾರ್ಡಿಗೆ ದರ್ಜೆ ಕೊಡಿಸುವ ಬಗ್ಗೆಯೂ ಕೇಳಿದರು. ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಇರುವ ಹಾಗೆ ಕಾರ್ಡಿಗೆ 1ರಿಂದ 10. ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿಗೆ ಕೂತಿದೆಯೇ ಎಂಬ ನಾಲ್ಕನ್ನು ನೋಡುತ್ತಾರೆ. ಹೊರದೇಶಕ್ಕೆ ಕಳಿಸಿ ತರಿಸುವ ಖರ್ಚು ಈ ಕಾರ್ಡುಗಳ ಬೆಲೆಗಿಂತ ಎಷ್ಟೋ ಹೆಚ್ಚು, ಬೇಡವೇ ಬೇಡ ಎಂದೆವು.

ಇನ್ನು ಆಲ್ಬಮ್. ಅಗ್ಗದ ಮೆತ್ತನೆ ಆಲ್ಬಮ್ಮಿನ ಹಾಳೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ದ್ರವ ಕಾಲ ಕಳೆದಂತೆ ಹೊರಗೆ ಒಸರುತ್ತದೆ, ಕಾರ್ಡಿನ ಮುದ್ರಣಕ್ಕೆ ಅಂಟುತ್ತದೆ. ಅದರ ಮೇಲೆ ಹೊಸನಗರದ ಮಳೆಗಾಲದ ಹೆಂಚಿನ ಅಟ್ಟ! ತೇವಾಂಶ ಶೇಕಡಾ 70 ದಾಟಿ ನಿಂತರೆ ಕಾಗದಕ್ಕೆ ಬೂಷ್ಟು ಖಂಡಿತ. ಹೊಳಪಿನ ಕಾರ್ಡು ಸೊಟ್ಟಗಾಗುವುದೂ ಇದರಿಂದಲೇ. ಒಂದು ಮೈ ಲೋಹದ ತೆಳು ಹಾಳೆ, ಇನ್ನೊಂದು ಮೈ ಕಾಗದ. ಕಾಗದ ಮಾತ್ರ ನೀರು ಹೀರಿ ಹಿಗ್ಗುತ್ತದೆ, ಕಾರ್ಡು ಬಾಗುತ್ತದೆ. "ಹಸಿ ಇರೋ ಅಡಿಕೆ ಚೀಲ ಕಟ್ಟಿಟ್ಟ ಹಾಗಾಯ್ತು," ಎಂದರು ಅವರು. ಅದಕ್ಕಿಂತ ಸರಿಯಾಗಿ ನಾವೂ ಹೇಳಲಾರೆವು.

ಅಂಟಿದ ಕಾರ್ಡನ್ನು ಎಳೆಯಬಾರದು. ಕಿಸೆಯ ಮೂರು ಬದಿಯ ಹೊಲಿಗೆಯನ್ನು ಬ್ಲೇಡಿನಿಂದ ಕೊಯ್ದು, ಕಾರ್ಡನ್ನು ಮೇಜಿಗೆ ಒತ್ತಿ ಹಿಡಿದು, ಪ್ಲಾಸ್ಟಿಕ್ಕನ್ನು ಮೂಲೆಯಿಂದ ಹಿಂದಕ್ಕೆ ಮಡಚುತ್ತಾ ನಿಧಾನವಾಗಿ ಬಿಡಿಸಬೇಕು. ಮುದ್ರಣ ಕಿತ್ತು ಬರುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸುವುದು. ಬೂಷ್ಟಿನ ಕಾರ್ಡುಗಳನ್ನು ಬೇರೆ ಮಾಡಿ, ಬಿಸಿಲಿಗೆ ಹಾಕದೆ ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲಿ ಮೆತ್ತನೆ ಒಣ ಕುಂಚದಿಂದ ಒಂದೇ ದಿಕ್ಕಿಗೆ ಒರೆಸಬೇಕು. ಒದ್ದೆ ಬಟ್ಟೆ ಮುಟ್ಟಿಸಿದರೆ ಕಲೆ ಶಾಶ್ವತ.

ಉಳಿದವನ್ನು ಪಾಲಿಪ್ರೊಪಿಲೀನ್ ಎಂಬ, ಎಣ್ಣೆ ಒಸರದ ಪ್ಲಾಸ್ಟಿಕ್ಕಿನ ತೆಳು ಕವರಿಗೆ ಹಾಕಿ, ಮುಖ್ಯವಾದ ಇಪ್ಪತ್ತನ್ನು ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಸೇರಿಸಿ, ಮುಚ್ಚಳಕ್ಕೆ ರಬ್ಬರ್ ಅಂಚಿರುವ ಐದು ಲೀಟರ್ ಡಬ್ಬಿಯಲ್ಲಿ ನಿಲ್ಲಿಸಿಟ್ಟರು. ಒಳಗೆ 50 ಗ್ರಾಂ ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದು. ತೇವ ಹೀರಿದಾಗ ಹಸಿರಾಗುತ್ತದೆ. ಹಸಿರಾದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಹುರಿದು, ಆರಿಸಿ ವಾಪಸ್ ಹಾಕುವುದು. ಪುಟ್ಟ ತೇವಾಂಶ ಮಾಪಕವೊಂದನ್ನೂ ಇಡಿಸಿದೆವು. 40ರಿಂದ 50ರ ನಡುವೆ ಇದ್ದರೆ ಸಾಕು. ಅಕ್ಕಿ ಹಾಕಿದರೆ ಹುಳ ಬರುತ್ತದೆ, ನುಸಿಗುಳಿಗೆ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗಿರುತ್ತದೆ ಎಂದು ಅವರ ತಾಯಿ ಹೇಳಿದ್ದರಂತೆ. ಒಣಗಿರುವುದೇನೋ ನಿಜ, ಆದರೆ ಹೊಗೆ ಕಾರ್ಡನ್ನು ಹಳದಿ ಮಾಡುತ್ತದೆ.

ಡಬ್ಬಿ ಎಲ್ಲಿರಬೇಕು ಎಂಬುದೇ ನಮಗೆ ಮುಖ್ಯ ಪ್ರಶ್ನೆಯಾಗಿತ್ತು. ಶಿವಮೊಗ್ಗದ ಮನೆಯ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿ ಎಂದು ತೀರ್ಮಾನವಾಯಿತು. ಮುಚ್ಚಿಟ್ಟದ್ದಕ್ಕೇ ಬೂಷ್ಟು ಬಂದದ್ದು, ಕಾಗದಕ್ಕೂ ಸಂಸಾರಕ್ಕೂ.

ಸೆಪ್ಟೆಂಬರಿನಲ್ಲಿ ಒಮ್ಮೆ ಎಡವಿದರು. ಮಂಡಿಯ ಬಿಡುವಿನಲ್ಲಿ ಫೋನು ತೆರೆದು 12 ಪೊಟ್ಟಣ, 600 ರೂಪಾಯಿ. ಈ ಸಲ ಆ ಸಂಜೆಯೇ ಹೇಳಿದರು. ಆಕೆ ಸಿಟ್ಟಾದರು, ಎರಡು ದಿನ ಮಾತು ಬಿಟ್ಟರು, ಮೂರನೇ ದಿನ, "ರೀ, ಲಕೋಟೆಯಿಂದ ಕಳೀರಿ, ಮನೆ ಖರ್ಚಿಂದ ಅಲ್ಲ," ಎಂದರಂತೆ. ಹಾಗಾಗಿ ಅಕ್ಟೋಬರಿನ ಲಕೋಟೆ ಖಾಲಿ, ನವೆಂಬರಿನದರಲ್ಲಿ 400. ಇದನ್ನು ಸೋಲು ಎಂದು ನಾವು ಬರೆದಿಲ್ಲ. ಕೊಂಡದ್ದಕ್ಕೂ ಹೇಳಿದ್ದಕ್ಕೂ ನಡುವಿನ ಅಂತರ ಎರಡು ತಿಂಗಳಿದ್ದದ್ದು ಒಂದು ಸಂಜೆಗೆ ಇಳಿದಿದೆ.

ಬಡ್ಡಿ ಬಾಕಿ ತೀರಿದೆ, ಬಳೆ ಇನ್ನೂ ಅಡವಿನಲ್ಲೇ ಇದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮಂಡಿಯಲ್ಲಿ ರಾತ್ರಿಯವರೆಗೂ ಕೆಲಸ, ದಣಿದಾಗಲೇ ಕೈ ಫೋನಿಗೆ ಹೋಗುವುದು ಎಂದು ಅವರೇ ಗುರುತಿಸಿದ್ದಾರೆ. ಆದ್ದರಿಂದ ಸುಗ್ಗಿ ಮುಗಿಯುವವರೆಗೆ ತಿಂಗಳಿಗೊಮ್ಮೆ ಇದ್ದ ಭೇಟಿಯನ್ನು ಹದಿನೈದು ದಿನಕ್ಕೊಮ್ಮೆ ಮಾಡಿದ್ದೇವೆ, ಸಂಜೆ ಏಳರ ನಂತರ.