ಓಮ್ನಿಗೆ ಹೆಡ್ ಗ್ಯಾಸ್ಕೆಟ್ ಹಾಕಿದ ಮೇಲೆ ಟೈಮಿಂಗ್: ಡಿಸ್ಟ್ರಿಬ್ಯೂಟರ್ ತಿರುಗಿಸೋದು ಬಿಡಿ, ಮೊದಲು ವಾಲ್ವ್ ನೋಡಿ

ಅಂಕೋಲೆಯ ಮಾರಾಯ್ರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಕಾರ್ಬ್ಯುರೇಟರ್ ಓಮ್ನಿ, ಅರಬೈಲ್ ಘಟ್ಟ ಹತ್ತುವಾಗ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಹೋಯ್ತು, ಹೆಡ್ ಫೇಸಿಂಗ್ (ಹೆಡ್ಡಿನ ತಳ ತೆಳುವಾಗಿ ಉಜ್ಜಿ ಸಮ ಮಾಡೋದು) ಮಾಡಿಸಿಕೊಂಡು ಬಂದು ಮನೆ ಅಂಗಳದಲ್ಲೇ ನೀವೇ ಕೂರಿಸಿದ್ರಿ. ಈಗ ಗಾಡಿ ಸ್ಟಾರ್ಟ್ ಆಗ್ತದೆ, ಆದ್ರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನ ಅದರ ಬೋಲ್ಟ್ ಕೂರುವ ಉದ್ದ ತೂತಿನ, ಅಂದ್ರೆ ಸ್ಲಾಟಿನ, ತುದಿವರೆಗೆ ತಿರುಗಿಸಿದ್ರೆ ಮಾತ್ರ ಐಡ್ಲಿಂಗ್ ನಿಲ್ತದೆ. ಪಿಕಪ್ ಇಲ್ಲ, ಸಣ್ಣ ಏರಿಗೂ ಎರಡನೇ ಗೇರು, ಬಿಸಿಯ ಮುಳ್ಳು ಮತ್ತೆ ಮೇಲೆ. ಇದಕ್ಕೆ ಒಬ್ಬರು ಕಾರ್ಬ್ಯುರೇಟರ್ ಟ್ಯೂನ್ ಮಾಡಿಸಿ ಅಂದಿದ್ದಾರೆ. ಇನ್ನೊಬ್ಬರು, ಫೇಸಿಂಗ್ ಮಾಡಿಸಿದ್ದಕ್ಕೆ ಹೀಗಾಗಿದೆ, ಸ್ಲಾಟನ್ನ ಅರ ಹಾಕಿ ಉದ್ದ ಮಾಡಿ ಇನ್ನೂ ಸ್ವಲ್ಪ ತಿರುಗಿಸಿ ಅಂದಿದ್ದಾರೆ.

ಆ ಎರಡನೇದ್ದನ್ನ ದಯವಿಟ್ಟು ಮಾಡಬೇಡಿ. ಸ್ಲಾಟ್ ತುದಿಗೆ ಬಂದು ನಿಂತಿದೆ ಅಂದ್ರೆ ಗಾಡಿ ನಿಮಗೆ ಏನೋ ಹೇಳ್ತಾ ಇದೆ ಅಂತ ಅರ್ಥ. ನಾನು ಇದನ್ನ ಅನುಭವಿಸಿದವನು, ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ.

ಈ ಎಂಜಿನ್ನಲ್ಲಿ ಟೈಮಿಂಗ್ ಅನ್ನೋದು ಒಂದಲ್ಲ, ಎರಡು. ಒಂದು ವಾಲ್ವ್ ಟೈಮಿಂಗ್: ಕೆಳಗಿನ ಕ್ರ್ಯಾಂಕಿಗೂ (ಪಿಸ್ಟನ್ನುಗಳು ತಿರುಗಿಸುವ ದಂಡ) ಮೇಲಿನ ಕ್ಯಾಮಿಗೂ (ವಾಲ್ವ್ ತೆರೆಯುವ ದಂಡ) ಇರುವ ಹೊಂದಾಣಿಕೆ. ಅದನ್ನ ಹಿಡಿದಿಡೋದು ಟೈಮಿಂಗ್ ಬೆಲ್ಟ್. ಇನ್ನೊಂದು ಇಗ್ನಿಷನ್ ಟೈಮಿಂಗ್, ಪ್ಲಗ್ಗಲ್ಲಿ ಕಿಡಿ ಯಾವಾಗ ಹಾರಬೇಕು ಅನ್ನೋದು. ಅದು ಡಿಸ್ಟ್ರಿಬ್ಯೂಟರಿನ ಕೆಲಸ. ಆದ್ರೆ 796 ಸಿಸಿಯ ಈ ಮೂರು ಸಿಲಿಂಡರ್ ಎಂಜಿನ್ನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗೋದು ಕ್ಯಾಮಿನಿಂದಲೇ. ಹಾಗಾಗಿ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತರೆ ವಾಲ್ವೂ ತಪ್ತದೆ, ಕಿಡಿಯೂ ತಪ್ತದೆ. ನೀವು ಡಿಸ್ಟ್ರಿಬ್ಯೂಟರ್ ತಿರುಗಿಸಿದಾಗ ಸರಿಯಾಗೋದು ಕಿಡಿ ಮಾತ್ರ. ವಾಲ್ವ್ ಎಲ್ಲಿ ತಪ್ಪಿತ್ತೋ ಅಲ್ಲೇ ಇರ್ತದೆ. ಗಾಡಿ ಓಡ್ತದೆ, ಐಡ್ಲಿಂಗ್ ನಿಲ್ತದೆ, ಟೈಮಿಂಗ್ ಲೈಟ್ (ಕಿಡಿ ಹಾರಿದಾಗೆಲ್ಲಾ ಮಿನುಗುವ ದೀಪ) ಹಿಡಿದರೂ ಗುರುತು ಸರಿಯಾಗೇ ಕಾಣ್ತದೆ. ಹಾಗಾಗಿಯೇ ಇದು ಸಿಕ್ಕಿಬೀಳದೆ ತಪ್ಪಿಸಿಕೊಳ್ತದೆ.

ಒಂದು ಹಲ್ಲು ಅಂದ್ರೆ ಎಷ್ಟು ಅಂತ ಲೆಕ್ಕ ಹಾಕಿ. ಕ್ಯಾಮ್ ಪುಲ್ಲಿಗೆ 40 ಹಲ್ಲು ಅಂತಿಟ್ಟುಕೊಂಡ್ರೆ ಒಂದು ಹಲ್ಲಿಗೆ ಕ್ಯಾಮ್ 9 ಡಿಗ್ರಿ. ಕ್ಯಾಮ್ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ಬರ್ತದೆ, ಹಾಗಾಗಿ ಕ್ರ್ಯಾಂಕಿನ ಲೆಕ್ಕದಲ್ಲಿ ಅದು 18 ಡಿಗ್ರಿ. ಸಣ್ಣದಲ್ಲ. ಫೇಸಿಂಗ್ ಬಗ್ಗೆ ಹೇಳಿದವರ ಮಾತಲ್ಲಿ ಸತ್ಯ ಇಲ್ಲ ಅಂತಲ್ಲ. ಹೆಡ್ ತೆಳುವಾದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬಂದು ಟೈಮಿಂಗ್ ಚೂರು ಹಿಂದೆ ಬೀಳ್ತದೆ. ಆದ್ರೆ ಫೇಸಿಂಗಲ್ಲಿ ತೆಗೆಯೋದು ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು. ಹಳೇ ಬೆಲ್ಟ್ ತಗೊಂಡು ಹಲ್ಲಿನಿಂದ ಹಲ್ಲಿಗೆ ಸ್ಕೇಲ್ ಹಿಡಿದು ನೋಡಿ, ಎಷ್ಟೋ ಮಿಲಿಮೀಟರ್ ಇರ್ತದೆ. ಸ್ಲಾಟಿನ ತುದಿವರೆಗೆ ತಿರುಗಿಸಬೇಕಾದಷ್ಟು ತಪ್ಪು ಫೇಸಿಂಗಿಂದ ಬರೋದಿಲ್ಲ.

ನಿಮ್ಮ ಲಕ್ಷಣಕ್ಕೆ ಎರಡು ಕಾರಣ ಇರಬಹುದು. ಬೆಲ್ಟ್ ಒಂದು ಹಲ್ಲು ತಪ್ಪಿರಬಹುದು. ಇಲ್ಲಾ, ಬೆಲ್ಟ್ ಸರಿ ಇದ್ದು, ಡಿಸ್ಟ್ರಿಬ್ಯೂಟರನ್ನ ವಾಪಸ್ ತೂರಿಸುವಾಗ ಅದರ ಗೇರ್ ಒಂದು ಹಲ್ಲು ಆಚೀಚೆ ಕೂತಿರಬಹುದು. ಹೊರಗಿಂದ ಎರಡೂ ಒಂದೇ ಥರ ಕಾಣ್ತವೆ. ಪಿಕಪ್ ಇಲ್ಲ, ಬಿಸಿಯಾಗ್ತದೆ ಅನ್ನೋದು ನೋಡಿದರೆ ನನಗೆ ಮೊದಲನೇದ್ದರ ಮೇಲೇ ಅನುಮಾನ. ಆದ್ರೆ ಅನುಮಾನದ ಮೇಲೆ ಬೆಲ್ಟ್ ಬಿಚ್ಚೋದು ಬೇಡ. ರಾಕರ್ ಕವರ್ ಒಂದು ತೆಗೆದರೆ ಯಾವುದು ಅಂತ ಗೊತ್ತಾಗ್ತದೆ. ಹೇಗೆ ಅಂತ ಹೇಳ್ತೇನೆ.

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗಾಡಿ ನ್ಯೂಟ್ರಲ್ಲಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಸೀಟು ಎತ್ತಿ ಮೂರೂ ಪ್ಲಗ್ ತೆಗೀರಿ, ಕ್ರ್ಯಾಂಕ್ ಕೈಯಲ್ಲೇ ಹಗುರಾಗಿ ತಿರುಗ್ತದೆ. ರಾಕರ್ ಕವರ್ ತೆಗೀರಿ. ಒಂದನೇ ಸಿಲಿಂಡರ್ ಅಂದ್ರೆ ಬೆಲ್ಟ್ ಕಡೆಯದ್ದು. ಅದರ ಪ್ಲಗ್ ತೂತಿಗೆ ಎಳನೀರು ಕುಡಿಯುವ ಪ್ಲಾಸ್ಟಿಕ್ ಕೊಳವೆ ಇಳಿಬಿಡಿ. ಕಬ್ಬಿಣದ ಕಡ್ಡಿ ಬೇಡ, ಹಿಡಿಕಡ್ಡಿಯೂ ಬೇಡ, ಮುರಿದು ಒಳಗೆ ಬಿದ್ದರೆ ಮತ್ತೆ ಹೆಡ್ ಬಿಚ್ಚಬೇಕಾದೀತು. ಈಗ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಕೊಟ್ಟು ಎಂಜಿನ್ ಓಡುವ ದಿಕ್ಕಿಗೇ, ಅಂದ್ರೆ ಪುಲ್ಲಿ ಕಡೆಯಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ನಿಧಾನ ತಿರುಗಿಸಿ. ಕೊಳವೆ ಮೇಲೇರ್ತಾ ಬಂದು, ಒಂದು ಕ್ಷಣ ನಿಂತ ಹಾಗಾಗಿ, ಮತ್ತೆ ಇಳೀಲಿಕ್ಕೆ ಶುರುವಾಗ್ತದೆ. ಆ ನಿಂತ ಜಾಗವೇ ಪಿಸ್ಟನ್ನಿನ ಮೇಲ್ತುದಿ. ಕ್ಲಚ್ ಹೌಸಿಂಗಿನ ರಬ್ಬರ್ ಬುಚ್ಚು ತೆಗೆದು ಕಿಂಡಿಯಲ್ಲಿ ನೋಡಿದರೆ ಫ್ಲೈವೀಲಿನ ಗುರುತೂ ಅಲ್ಲೇ ಸಿಗಬೇಕು.

ಇಲ್ಲೇ ಬಹಳ ಜನ ಎಡವೋದು. ಈ ಗುರುತು ಎರಡು ಸಲ ಬರ್ತದೆ! ಒಂದು ಸಲ ಕಂಪ್ರೆಷನ್ ಮುಗಿಯುವಾಗ, ಇನ್ನೊಂದು ಸಲ ಹೊಗೆ ಹೊರಗೆ ಹಾಕಿ ಮುಗಿಯುವಾಗ. ಫ್ಲೈವೀಲಿಗೆ ಇವೆರಡರ ಭೇದ ಗೊತ್ತಿಲ್ಲ, ಗೊತ್ತಿರೋದು ವಾಲ್ವಿಗೆ. ಕೊಳವೆ ತೆಗೆದು ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತಿರುಗಿಸಿ. ಬೆರಳನ್ನ ದಬ್ಬಿಕೊಂಡು ಗಾಳಿ ಬಂದರೆ ಕಂಪ್ರೆಷನ್. ಆಗ ಮೇಲ್ತುದಿಯಲ್ಲಿ ಒಂದನೇ ಸಿಲಿಂಡರಿನ ಎರಡೂ ರಾಕರ್ (ವಾಲ್ವನ್ನ ಒತ್ತುವ ಸಣ್ಣ ತೋಳು) ಸಡಿಲ ಇರ್ತವೆ, ಬೆರಳಲ್ಲಿ ಆಡಿಸಿದರೆ ಟಿಕ್ ಟಿಕ್ ಅಂತ ಆಡ್ತವೆ.

ನಮಗೀಗ ಬೇಕಾದ್ದು ಇನ್ನೊಂದು ಮೇಲ್ತುದಿ. ಇಲ್ಲಿಂದ ಕ್ರ್ಯಾಂಕನ್ನ ಸರಿಯಾಗಿ ಒಂದು ಸುತ್ತು ತಿರುಗಿಸಿ ಅದೇ ಗುರುತಿಗೆ ತನ್ನಿ. ಈಗ ಎಕ್ಸಾಸ್ಟ್ ವಾಲ್ವ್ ಮುಚ್ತಾ ಇರ್ತದೆ, ಇನ್ಲೆಟ್ ತೆರೀತಾ ಇರ್ತದೆ. ಬೆಲ್ಟ್ ಸರಿ ಇದ್ದರೆ ಎರಡೂ ಹೆಚ್ಚುಕಡಿಮೆ ಸಮ, ಎರಡೂ ಒಂದು ಚೂರು ಒತ್ತಿಕೊಂಡಿರ್ತವೆ. ತಕ್ಕಡಿಯ ತಟ್ಟೆ ನೋಡಿದ ಹಾಗೆ ಕಣ್ಣಿಗೆ ಕಾಣ್ತದೆ. ಪಾನಾ ಚೂರು ಹಿಂದೆ ಮುಂದೆ ಆಡಿಸಿದರೆ ಒಂದು ಏರ್ತದೆ, ಒಂದು ಇಳೀತದೆ. ಎಕ್ಸಾಸ್ಟ್ ಇನ್ನೂ ಸುಮಾರು ತೆರೆದಿದ್ದು ಇನ್ಲೆಟ್ ಅಲುಗಾಡದೇ ಇದ್ದರೆ ಕ್ಯಾಮ್ ಹಿಂದೆ ಬಿದ್ದಿದೆ. ಇನ್ಲೆಟ್ ಆಗಲೇ ಸುಮಾರು ತೆರೆದು ಎಕ್ಸಾಸ್ಟ್ ಮುಚ್ಚಿ ಸಡಿಲಾಗಿದ್ದರೆ ಮುಂದೆ ಹೋಗಿದೆ. ಸಮ ಇದ್ದರೆ ನಿಮ್ಮ ಬೆಲ್ಟ್ ಸರಿ, ತಪ್ಪಿರೋದು ಡಿಸ್ಟ್ರಿಬ್ಯೂಟರ್ ಗೇರು. ಆದ್ರೆ ಇದನ್ನ ನೋಡುವ ಮೊದಲು ಟ್ಯಾಪೆಟ್ ಗ್ಯಾಪ್ (ರಾಕರಿಗೂ ವಾಲ್ವಿಗೂ ನಡುವಿನ ಸಂದು) ಸರಿ ಇರಬೇಕು, ಇಲ್ಲದಿದ್ದರೆ ಕಣ್ಣು ಮೋಸ ಹೋಗ್ತದೆ. ನಾನು ತಣ್ಣಗಿದ್ದಾಗ 0.15 ಮಿ.ಮೀ. ಇಡ್ತೇನೆ.

ನಮ್ಮ ಗಾಡಿಯ ಕತೆ ಹೇಳ್ತೇನೆ. ಅಡಿಕೆ ಕೊನೆ ಕೊಯ್ಲಿನ ಸಮಯ, ನಾಳೆ ಬೆಳಿಗ್ಗೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬರ್ತಾನೆ, ಇವತ್ತೇ ಗಾಡಿ ಆಗಬೇಕು ಅಂತ ಕತ್ತಲಾದ ಮೇಲೆ ಬೆಲ್ಟ್ ಹಾಕಿದೆ. ಗುರುತು ನೋಡಿಯೇ ಹಾಕಿದ್ದು. ಆದ್ರೆ ಬೆಲ್ಟನ್ನ ಬಿಗಿಯಾಗಿ ಹಿಡಿಯುವ ಟೆನ್ಷನರ್ ಬಿಗಿ ಮಾಡುವಾಗ ಕ್ಯಾಮ್ ಒಂದು ಹಲ್ಲು ಹಿಂದೆ ಸರೀತು, ಮತ್ತೆ ತಿರುಗಿಸಿ ನೋಡಲಿಲ್ಲ. ಗಾಡಿ ಸರಿಯಾಗಿ ನಿಲ್ಲದಿದ್ದಾಗ ಡಿಸ್ಟ್ರಿಬ್ಯೂಟರ್ ತಿರುಗಿಸಿದೆ, ನಿಂತಿತು. ಎರಡು ತಿಂಗಳು ಹಾಗೇ ಓಡಿಸಿದೆ. ತೋಟದಿಂದ ಮನೆಗೆ ಹಸಿ ಅಡಿಕೆ ಹೇರಿಕೊಂಡು ಎರಡನೇ ಗೇರಲ್ಲೇ ಎಳೆದದ್ದು, ಸೀಟಿನಡಿ ಕಾವಿಗೆ ಕೂರಲಿಕ್ಕೆ ಆಗ್ತಿರಲಿಲ್ಲ. ಕಡೆಗೆ ದೇವಿಮನೆ ಘಟ್ಟದಲ್ಲಿ ಹೊಸ ಗ್ಯಾಸ್ಕೆಟ್ಟೂ ಹೋಯ್ತು. ಎರಡನೇ ಸಲ ಬಿಚ್ಚಿದಾಗ ಗುರುತು ಒಂದು ಹಲ್ಲು ಹಿಂದೆ ಕೂತದ್ದು ಕಣ್ಣೆದುರೇ ಇತ್ತು. ಒಳ್ಳೆ ಗ್ಯಾಸ್ಕೆಟ್ಟು, ಹೆಡ್ಡಿನ ಖರ್ಚು, ಕೊಯ್ಲಿನ ಹೊತ್ತಲ್ಲಿ ನಾಲ್ಕು ದಿನ, ಎಲ್ಲಾ ಹೋದದ್ದು ಹತ್ತು ನಿಮಿಷದ ಪರೀಕ್ಷೆ ಬಿಟ್ಟಿದ್ದಕ್ಕೆ. ಆ ಬೇಸರ ಇವತ್ತಿಗೂ ಇದೆ.

ಬೆಲ್ಟ್ ತಪ್ಪಿದ್ದೇ ಹೌದಾದರೆ ಮುಂದಿನ ಪುಲ್ಲಿ, ಹೊರಗಿನ ಕವರ್ ತೆಗೆದು ಎರಡೂ ಗುರುತು ನೋಡಿ: ಕ್ಯಾಮ್ ಪುಲ್ಲಿಯ ಗುರುತು ಅದರ ಹಿಂದಿನ ಗುರುತಿಗೆ, ಕ್ರ್ಯಾಂಕಿನ ಹಲ್ಲುಗಾಲಿಯ ಗುರುತು ಆಯಿಲ್ ಪಂಪ್ ಕೇಸಿನ ಬಾಣಕ್ಕೆ. ಮಣ್ಣು, ಎಣ್ಣೆ ಒರೆಸಿ, ಗುರುತಿಗೆ ಎಲೆಯಡಿಕೆಯ ಸುಣ್ಣ ಹಚ್ಚಿ. ಬೆರಳ ತುದಿಯಲ್ಲಿ ಚೂರು ತಗೊಂಡು ಗುರುತಿನ ಗೀರಿನೊಳಗೆ ತುಂಬಿ ಮೇಲಿಂದ ಒರೆಸಿಬಿಟ್ಟರೆ ಗೀರು ಮಾತ್ರ ಬೆಳ್ಳಗೆ ಕಾಣ್ತದೆ. ಫ್ಲೈವೀಲಿಗೂ ಹೀಗೇ ಮಾಡಿ, ಟೈಮಿಂಗ್ ಲೈಟಿಗೆ ಚೆನ್ನಾಗಿ ಹೊಳೀತದೆ. ಬೆಲ್ಟ್ ಇಲ್ಲದಾಗ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಬೇಕಾಬಿಟ್ಟಿ ತಿರುಗಿಸಬೇಡಿ, ವಾಲ್ವಿಗೆ ಪಿಸ್ಟನ್ ತಾಗಬಹುದು. ಬೆಲ್ಟ್ ಏರಿಸುವಾಗ ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಲಿ, ಸಡಿಲೆಲ್ಲಾ ಟೆನ್ಷನರ್ ಕಡೆಗೆ ಬರಲಿ. ಟೆನ್ಷನರ್ ಬೋಲ್ಟ್ ಸಡಿಲವೇ ಇಟ್ಟು ಕ್ರ್ಯಾಂಕನ್ನ ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ, ಆಮೇಲೆ ಬಿಗಿ ಮಾಡಿ, ಮತ್ತೆ ಎರಡು ಸುತ್ತು ತಿರುಗಿಸಿ ಗುರುತು ನೋಡಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಜೋರು ಹಾಕಬೇಡಿ. ಬೆಲ್ಟಿನ ಮೇಲೆ ಬಣ್ಣದ ಗೆರೆ ಇದ್ದರೆ ಅದು ಎರಡು ಸುತ್ತಿಗೆ ಮೊದಲಿನ ಜಾಗಕ್ಕೆ ಬರೋದಿಲ್ಲ, ಅದಕ್ಕೆ ಗಾಬರಿ ಬೇಡ. ಪುಲ್ಲಿಗಳ ಗುರುತು ಕೂಡಿದರೆ ಸಾಕು.

ಇನ್ನು ಡಿಸ್ಟ್ರಿಬ್ಯೂಟರ್. ಒಂದನೇ ಸಿಲಿಂಡರನ್ನ ಕಂಪ್ರೆಷನ್ ಮೇಲ್ತುದಿಗೆ ತನ್ನಿ, ಇದಕ್ಕೆ ಬೆಲ್ಟಿನ ಗುರುತು ನಂಬಬೇಡಿ, ಹೆಬ್ಬೆರಳನ್ನೇ ನಂಬಿ. ಗೇರಿನ ಹಲ್ಲು ಓರೆ ಇರೋದರಿಂದ ಒಳಗೆ ತೂರಿಸುವಾಗ ರೋಟರ್ (ಕ್ಯಾಪಿನೊಳಗೆ ತಿರುಗುವ ಮುಳ್ಳು) ಸ್ವಲ್ಪ ತಿರುಗಿ ಕೂರ್ತದೆ. ಕೂತ ಮೇಲೆ ರೋಟರ್ ಕ್ಯಾಪಿನ ಒಂದನೇ ವಯರಿನ ಕಡೆ ನೋಡಬೇಕು, ಸ್ಲಾಟಿನ ಬೋಲ್ಟ್ ಮಧ್ಯಕ್ಕೆ ಬರಬೇಕು. ಬರದಿದ್ದರೆ ಎತ್ತಿ ಒಂದು ಹಲ್ಲು ಸರಿಸಿ ಮತ್ತೆ ಕೂರಿಸಿ. ಫೈರಿಂಗ್, ಅಂದ್ರೆ ಸಿಲಿಂಡರುಗಳಿಗೆ ಕಿಡಿ ಬರುವ ಸರದಿ, 1-3-2. ರೋಟರ್ ಯಾವ ಕಡೆ ತಿರುಗ್ತದೆ ಅಂತ ಕ್ರ್ಯಾಂಕ್ ಆಡಿಸಿ ನೋಡಿ, ಆ ಕಡೆಗೇ ವಯರ್ ಕೊಡಿ. ಕಂಪ್ರೆಷನ್ ಬಿಟ್ಟು ಇನ್ನೊಂದು ಮೇಲ್ತುದಿಗೆ ಇಟ್ಟು ಕೂರಿಸಿದವರದ್ದು ಅರ್ಧ ಸುತ್ತು ತಪ್ಪಿ, ರೋಟರ್ ಎರಡು ವಯರಿನ ನಡುವೆ ನಿಲ್ತದೆ. ಅಂಥ ಗಾಡಿ ಢಂ ಅಂತ ಹೊಡೀತದೆ, ಸ್ಟಾರ್ಟ್ ಆಗೋದಿಲ್ಲ. ನಿಮ್ಮದು ಸ್ಟಾರ್ಟ್ ಆಗ್ತಾ ಇದೆ, ಹಾಗಾಗಿ ಅದಲ್ಲ.

ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಿಡಿ ಹಾರಿಸುವ ಸ್ವಿಚ್ಚು) ಇರುವ ಹಳೇ ಮಾದರಿ ಆದ್ರೆ ಮೊದಲು ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿ.ಮೀ. ಮಾಡಿ, ಆಮೇಲೆ ಟೈಮಿಂಗ್. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗ್ತದೆ. ಲೈಟ್ ಇಲ್ಲದವರು 12 ವೋಲ್ಟಿನ ಸಣ್ಣ ಬಲ್ಬಿನ ಒಂದು ತುದಿಯನ್ನ ಕಾಯಿಲಿನ ನೆಗೆಟಿವ್‌ಗೆ, ಇನ್ನೊಂದನ್ನ ಬಾಡಿಗೆ ಕೊಟ್ಟು ಬ್ಯಾಟರಿ ಹಾಕಿ ಚಾವಿ ಆನ್ ಮಾಡಿ. ಫ್ಲೈವೀಲನ್ನ ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ಇಟ್ಟು ಡಿಸ್ಟ್ರಿಬ್ಯೂಟರ್ ನಿಧಾನ ತಿರುಗಿಸ್ತಾ ಬಂದರೆ, ಬಲ್ಬ್ ಹತ್ತಿದ ಕ್ಷಣವೇ ಪಾಯಿಂಟ್ ಬಿಚ್ಚಿಕೊಂಡ ಕ್ಷಣ. ಎಲೆಕ್ಟ್ರಾನಿಕ್ ಆದ್ರೆ ಟೈಮಿಂಗ್ ಲೈಟೇ ಬೇಕು, ಯಾರಾದರೂ ಗ್ಯಾರೇಜಿನವರ ಹತ್ತಿರ ಒಂದು ತಾಸಿಗೆ ಕೇಳಿ ತನ್ನಿ. ಬಾಡಿಯನ್ನ ರೋಟರ್ ತಿರುಗುವ ದಿಕ್ಕಿಗೆ ಎದುರು ತಿರುಗಿಸಿದರೆ ಅಡ್ವಾನ್ಸ್ (ಕಿಡಿ ಬೇಗ), ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್ (ಕಿಡಿ ತಡ). ರೇಸ್ ಕೊಟ್ಟಾಗ ಗುರುತು ಮುಂದೆ ಸರಿಯಬೇಕು. ಸರಿಯದಿದ್ದರೆ ಒಳಗಿನ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದಿವೆ, ಕರಾವಳಿಯ ಉಪ್ಪುಗಾಳಿಯ ಗಾಡಿಗಳಲ್ಲಿ ಇದನ್ನ ಮರೀದೆ ನೋಡಿ. ಎಂಜಿನ್ ಓಡ್ತಿರುವಾಗ ಲುಂಗಿ, ಹೆಗಲ ಮೇಲಿನ ಟವೆಲ್ ಬೇಡವೇ ಬೇಡ.

ಟೈಮಿಂಗ್ ಹಿಂದೆ ಬಿದ್ದರೆ ಎಂಜಿನ್ ಬಿಸಿ, ಜಾಸ್ತಿ ಮುಂದೆ ಹೋದರೆ ಏರಿನಲ್ಲಿ ನಾಕಿಂಗ್. ಎರಡೂ ನಿಮ್ಮ ಹೊಸ ಗ್ಯಾಸ್ಕೆಟ್ಟಿಗೇ ಏಟು. ಅದಕ್ಕೇ ಇದು ಸರಿಯಾಗುವ ತನಕ ಅರಬೈಲ್ ಕಡೆ ಹೋಗಬೇಡಿ. ಸರಿಯಾದ ಮೇಲೂ ರೇಡಿಯೇಟರ್ ಮುಚ್ಚಳ ತೆಗೆದು, ತಣ್ಣಗಿನ ಎಂಜಿನ್ ಶುರು ಮಾಡಿ, ಗುಳ್ಳೆ ನಿಲ್ಲುವ ತನಕ ಕೂಲಂಟ್ ತುಂಬಿ ಗಾಳಿ ತೆಗೀರಿ. ಬಾವಿ ನೀರು ಬೇಡ. ಮೊದಲ ಓಡಾಟ ಗೋಕರ್ಣದ ಕಡೆ ಸಪಾಟು ರಸ್ತೆಯಲ್ಲಿ ಆಗಲಿ.

ನಾಳೆ ರಾಕರ್ ಕವರ್ ತೆಗೆದಾಗ, ಒಂದನೇ ಸಿಲಿಂಡರ್ ಹೊಗೆ ಹೊರಗೆ ಹಾಕಿ ಮುಗಿಸುವ ಮೇಲ್ತುದಿಯಲ್ಲಿ ಇರುವ ಹಾಗೆ ಇಟ್ಟು, ಎರಡೂ ರಾಕರ್ ಕಾಣುವ ಒಂದು ಫೋಟೋ, ಫ್ಲೈವೀಲ್ ಕಿಂಡಿಯದ್ದು ಒಂದು ಫೋಟೋ ಇಲ್ಲೇ ಹಾಕಿ. ರಾತ್ರಿ ಊಟ ಆದ ಮೇಲೆ ನೋಡಿ ಹೇಳ್ತೇನೆ. ಅಲ್ಲಿ ತನಕ ಬೆಲ್ಟ್ ಬಿಚ್ಚಬೇಡಿ.